ಟೀವಿಯ ಬೆನ್ನಿನ ಕಡೆಯ ಅಡುಗೆಮನೆ

ನಲವತ್ತು ದಾಟಿದ ಮೇಲೆ ನನ್ನ ತಮ್ಮ ಸುಧಾಕರನಿಗೆ ಹಳೆಯದನ್ನು ನೆನೆದು ಕಣ್ಣೊರೆಸಿಕೊಳ್ಳುವ ಚಟ ಹತ್ತಿಕೊಂಡಿದೆ. ಬೆಳಗ್ಗೆ ಹಲ್ಲುಜ್ಜುವುದಕ್ಕೂ ಮೊದಲೇ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಏನಾದರೊಂದು ಹಾಕಿರುತ್ತಾನೆ. ಬೊಂಬಾಯಿಯ ಗ್ರಾಂಟ್ ರೋಡಿನ ನಮ್ಮ ಚಾಳು, ಚಾಳಿನ ಮರದ ಮೆಟ್ಟಿಲು, ಅಪ್ಪಯ್ಯನ ಕರಿ ಕೊಡೆ, ಎಲ್ಲಕ್ಕಿಂತ ಹೆಚ್ಚಾಗಿ ಭಾನುವಾರ ಸಂಜೆ ಟೀವಿಯಲ್ಲಿ ಬರುತ್ತಿದ್ದ ‘ಚಾವಡಿ ಚಪ್ಪಾಳೆ’. ಅದರ ಹೆಸರೆತ್ತಿದರೆ ಸಾಕು, ಇವನ ಬೆರಳು ನಿಲ್ಲುವುದಿಲ್ಲ. ‘ಎಂಥಾ ದಿನಗಳು ಅಕ್ಕ! ಇಡೀ ಚಾಳೇ ನಮ್ಮ ಮನೆಯಲ್ಲಿ! ಅಮ್ಮನ ಕೈಯ ಬಿಸಿಬಿಸಿ ಗೋಳಿಬಜೆ!’ ಎಂದು ಬರೆದು, ಅಳುವ ಮುಖ, ನಗುವ ಮುಖ, ಮುಗಿದ ಕೈ ಎಲ್ಲವನ್ನೂ ಸಾಲಾಗಿ ಅಂಟಿಸುತ್ತಾನೆ. ನನಗೆ ಮೈ ಉರಿಯುತ್ತದೆ. ಆ ಗೋಳಿಬಜೆಯನ್ನು ತಿಂದವನು ಅವನು. ಕರಿದವಳು ಅಮ್ಮ, ತಟ್ಟೆ ಹಂಚಿದವಳು ನಾನು. ತಿಂದವರಿಗೆ ಎಲ್ಲವೂ ಚೆನ್ನಾಗಿಯೇ ನೆನಪಿರುತ್ತದೆ.

ಹಾಗೆಂದು ಆ ಕಾರ್ಯಕ್ರಮ ನನಗೆ ಇಷ್ಟವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪ್ರಾಣ ಬಿಡುತ್ತಿದ್ದೆ. ಬೆಂಗಳೂರಿನ ಯಾವುದೋ ಸ್ಟುಡಿಯೋದಲ್ಲಿ ಹುಲ್ಲು ಹೊದಿಸಿ ಮಾಡಿದ ಹಳ್ಳಿಯ ಚಾವಡಿ. ಅಲ್ಲಿ ಗುಡುಗಿನ ದನಿಯ ಒಬ್ಬ ಗೌಡ, ಅವನಿಗೆ ಸದಾ ಉಲ್ಟಾ ಹೇಳುವ ಒಬ್ಬ ಶ್ಯಾನುಭೋಗ, ಇಬ್ಬರನ್ನೂ ಪೊರಕೆಯಲ್ಲಿ ಅಟ್ಟುವ ಗೌಡತಿ, ಮತ್ತೆ ಒಂದು ನಿಜವಾದ ಆಡು. ಆಡು ಪ್ರತಿ ವಾರ ಏನಾದರೂ ತಿಂದುಬಿಡುತ್ತಿತ್ತು. ಒಮ್ಮೆ ಶ್ಯಾನುಭೋಗನ ಶಾಲು, ಒಮ್ಮೆ ಅತಿಥಿಯಾಗಿ ಬಂದ ಗಾಯಕರ ಹೂಮಾಲೆ. ಒಂದು ತಮಾಷೆ, ಒಂದು ಜನಪದ ಹಾಡು, ಮತ್ತೊಂದು ತಮಾಷೆ, ಮತ್ತೊಂದು ಹಾಡು. ಹೀಗೆಯೇ ಒಂದು ತಾಸು. ಪ್ರತಿ ತಮಾಷೆಯ ಕೊನೆಗೆ ಯಾರೋ ಬಾಗಿಲು ತಟ್ಟುತ್ತಿದ್ದರು. ಆಗ ಗೌಡ ಮಂಚದ ಕೆಳಗೆ ತೂರಿಕೊಂಡು ಕೂಗುತ್ತಿದ್ದ:

“ಯಾರೋ ಅದು ಬಾಗ್ಲಲ್ಲಿ? ನೆಂಟ ಆದ್ರೆ ನಾನಿಲ್ಲ!”

ಇದಕ್ಕೆ ನಮ್ಮ ಅಪ್ಪಯ್ಯ ನಗುತ್ತಿದ್ದಷ್ಟು ಭೂಮಿಯ ಮೇಲೆ ಯಾರೂ ನಗುತ್ತಿರಲಿಲ್ಲ. ತೊಡೆ ಬಡಿದು, ಕೆಮ್ಮಿ, ಪಕ್ಕದವರ ಬೆನ್ನಿಗೆ ಗುದ್ದಿ, ಅದೇ ಮಾತನ್ನು ತಾನೂ ಒಮ್ಮೆ ಜೋರಾಗಿ ಹೇಳಿ, ಅಷ್ಟರಲ್ಲಿ ಮುಂದಿನ ಹಾಡಿನ ಮೊದಲ ಸಾಲು ಯಾರಿಗೂ ಕೇಳದ ಹಾಗೆ ಮಾಡುತ್ತಿದ್ದರು. ನೆಂಟರು ಬಂದರೆ ಮಂಚದ ಕೆಳಗೆ ಹೋಗುವ ಮನುಷ್ಯನನ್ನು ಕಂಡು ಅವರಿಗೆ ಅಷ್ಟು ನಗು ಬರಲು ಕಾರಣವೂ ಇತ್ತು. ಬಾಗಿಲಿಗೆ ಬಂದವರನ್ನು ಹಾಗೆಯೇ ಕಳಿಸುವುದು ಅವರ ಜಾತಕದಲ್ಲೇ ಇರಲಿಲ್ಲ. ಅಪ್ಪಯ್ಯ ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗಲೇ ಬೊಂಬಾಯಿಗೆ ಬಂದು, ಹೋಟೆಲಿನಲ್ಲಿ ಕಪ್ಪು ತೊಳೆದು, ಕೊನೆಗೆ ಸ್ಟೇಷನ್ ಪಕ್ಕದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್ ಆದವರು. ಭಾನುವಾರ ಸಂಜೆ ಮಾತ್ರ ರಜೆ. ವಾರವೆಲ್ಲ ಊರಿನವರಿಗೆ ತಿನ್ನಿಸಿ ಬಂದ ಮನುಷ್ಯ ಆ ಒಂದು ಸಂಜೆಯಾದರೂ ಸುಮ್ಮನೆ ಕೂರಬಾರದೇ? ಇಲ್ಲ. ಮನೆಯನ್ನೇ ಹೋಟೆಲು ಮಾಡುತ್ತಿದ್ದರು.

ನಮ್ಮದು ಒಂದೇ ಕೋಣೆ. ಅದರ ಹಿಂಭಾಗಕ್ಕೆ ಪ್ಲೈವುಡ್ಡಿನ ಅಡ್ಡಗೋಡೆ ಹಾಕಿ, ಆಚೆಗೆ ಅಡುಗೆಮನೆ ಎಂದು ಹೆಸರಿಟ್ಟಿದ್ದರು. ಒಬ್ಬರು ನಿಂತರೆ ಇನ್ನೊಬ್ಬರು ಉಸಿರು ಬಿಗಿಹಿಡಿದು ದಾಟಬೇಕು. ಆ ಅಡ್ಡಗೋಡೆಗೆ ಅಪ್ಪಯ್ಯ, ಹೋಟೆಲಿನಲ್ಲಿ ಅಡುಗೆಯವರು ಪ್ಲೇಟು ದೂಡುವುದಕ್ಕೆ ಇರುತ್ತದಲ್ಲ, ಅಂಥದ್ದೇ ಒಂದು ಕಿಂಡಿ ಕೊರೆಸಿದ್ದರು. ಅದೇ ಗೋಡೆಗೆ ಬೆನ್ನು ಕೊಟ್ಟು ಟೀವಿ. ಅಂದರೆ ಕೋಣೆಯಲ್ಲಿ ಕುಳಿತವರಿಗೆಲ್ಲ ಟೀವಿಯ ಮುಖ, ಒಲೆಯ ಮುಂದೆ ನಿಂತ ಅಮ್ಮನಿಗೆ ಟೀವಿಯ ಬೆನ್ನು. ಅಮ್ಮ ಕಂಡದ್ದು ಅದರ ವಯರು, ಧೂಳು, ತೂತುಗಳ ಒಳಗಿನ ಕೆಂಪು ಬೆಳಕು, ಮತ್ತು ಕಿಂಡಿಯಾಚೆ ಬಾಯಿ ತೆರೆದು ಕುಳಿತ ನಮ್ಮ ಮುಖಗಳು. ಇಂಥ ಬುದ್ಧಿವಂತ ಏರ್ಪಾಡನ್ನು ಮಾಡಿದ ಅಪ್ಪಯ್ಯ ಬಂದವರಿಗೆಲ್ಲ ಆ ಕಿಂಡಿಯನ್ನು ಹೆಮ್ಮೆಯಿಂದ ತೋರಿಸುತ್ತಿದ್ದರು.

ಬರುವವರಿಗೇನು ಕಡಿಮೆಯೇ? ಹೋಟೆಲಿನ ಹುಡುಗರು, ಮೇಲಿನ ಮಹಡಿಯ ಮರಾಠಿ ಅಜ್ಜಿ (ಅವರಿಗೆ ಕನ್ನಡದ ಒಂದಕ್ಷರ ಬಾರದು, ಆಡಿಗಾಗಿ ಬರುತ್ತಿದ್ದರು), ಕೊನೆಯ ಖೋಲಿಯ ನೀಲವ್ವ. ನೀಲವ್ವ ವಿಜಾಪುರದ ಕಡೆಯವಳು, ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಮೊದಲ ಹಾಡು ಶುರುವಾಗುವಷ್ಟರಲ್ಲಿ ಅಮ್ಮ ಮೈದಾ ಮೊಸರಿನ ಹಿಟ್ಟನ್ನು ಎಣ್ಣೆಗೆ ಬಿಡಲೇಬೇಕು. ಅಪ್ಪಯ್ಯ ಟೀವಿಯಿಂದ ಕಣ್ಣು ತೆಗೆಯದೆ ಕೂಗುತ್ತಿದ್ದರು:

“ಮೂರ್ ಪ್ಲೇಟ್ ಬಜೆ! ಒಂದ್ ಚಾ, ಸಕ್ರಿ ಕಮ್ಮಿ!”

ಸ್ವಂತ ಹೆಂಡತಿಗೆ ಆರ್ಡರ್! ಕಿಂಡಿಯಲ್ಲಿ ತಟ್ಟೆ ಬಂದು ನಿಲ್ಲುತ್ತಿತ್ತು. ಅದನ್ನು ತೆಗೆದು ಹಂಚುವುದು ನನ್ನ ಕೆಲಸ. ಸುಧಾಕರ ಗಂಡು ಹುಡುಗ, ಮೇಲಾಗಿ ಸಣ್ಣವನು, ಆದ್ದರಿಂದ ಅವನಿಗೆ ಮುಂದಿನ ಸಾಲಿನಲ್ಲಿ ಜಾಗ. ಗೌಡ ಮಂಚದ ಕೆಳಗೆ ಹೋಗುವುದನ್ನು ನಾನು ಎಷ್ಟು ಸಲ ಕಂಡಿದ್ದೇನೋ, ಅಷ್ಟೇ ಸಲ ಅವನು ಅಲ್ಲಿಂದ ಹೊರಬರುವ ಹೊತ್ತಿಗೆ ಯಾರಿಗೋ ಚಟ್ನಿ ಬೇಕಾಗಿರುತ್ತಿತ್ತು. ನನ್ನನ್ನು ಎಲ್ಲರೂ ಸಿಡುಕಿ ಎನ್ನುತ್ತಾರೆ. ನನ್ನ ಸಿಡುಕು ಹುಟ್ಟಿದ್ದು ಅಲ್ಲಿ, ಆ ಕಿಂಡಿಯ ಮುಂದೆ, ಕೈಯಲ್ಲಿ ಬಿಸಿ ತಟ್ಟೆ ಹಿಡಿದುಕೊಂಡು.

ಅಮ್ಮ ಮಾತ್ರ ಸಿಡುಕುತ್ತಿರಲಿಲ್ಲ. ಅದೇ ನನಗೆ ಇನ್ನೂ ಸಿಟ್ಟು ಬರಿಸುತ್ತಿತ್ತು. ಒಂದು ಭಾನುವಾರ ಕಾರ್ಯಕ್ರಮ ಮುಗಿಯುವ ಮೊದಲು ಮುಂದಿನ ವಾರದ ಹಾಡಿನವರು ಯಾರೆಂದು ಶ್ಯಾನುಭೋಗ ಹೇಳಿದ. ಕುಂದಾಪುರದ ಕಡೆಯ ಹೆಂಗಸರ ಒಂದು ತಂಡ, ಗದ್ದೆಯಲ್ಲಿ ನೆಟ್ಟಿ, ಅಂದರೆ ಭತ್ತದ ನಾಟಿ, ಮಾಡುವಾಗ ಹೇಳುವ ಪದಗಳು. ಮಾದರಿಗೆಂದು ಒಂದೆರಡು ಸಾಲನ್ನೂ ಕೇಳಿಸಿದರು, ಹೆಂಗಸರ ಮುಖ ತೋರಿಸಲಿಲ್ಲ. ಕಿಂಡಿಯಲ್ಲಿ ಅಮ್ಮನ ಮುಖ ಬಂತು. ಕೈಯಲ್ಲಿ ಬಜೆ ಎತ್ತುವ ಜಾಲರಿ ಸೌಟು, ಅದರಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

“ಹ್ವಾಯ್, ಕೇಂಡ್ರ್ಯಾ? ಅದ್ ರುಕ್ಕು ಅಲ್ದಾ?”

“ಯಾವ್ ರುಕ್ಕು ಮಾರಾಯ್ತಿ?” ಎಂದರು ಅಪ್ಪಯ್ಯ.

ರುಕ್ಕು ಅಮ್ಮನ ಬಾಲ್ಯದ ಗೆಳತಿ, ಪಕ್ಕದ ಮನೆಯವಳು. ನೆಟ್ಟಿಯ ಗದ್ದೆಯಲ್ಲಿ ರುಕ್ಕು ಹಾಡಿನ ಸಾಲು ಎತ್ತುವವಳು, ಅಮ್ಮ ಅದನ್ನು ಹಿಡಿದು ತಿರುಗಿಸಿ ಹೇಳುವವಳು. ಸಾಲಿನ ನಡುವೆ ಎಲ್ಲಿ ಉಸಿರು ತೆಗೆದುಕೊಳ್ಳಬಾರದೋ ಅಲ್ಲೇ ತೆಗೆದುಕೊಂಡು, ಇಡೀ ಸಾಲಿನ ಹೆಂಗಸರ ಕೈ ತಪ್ಪಿಸುತ್ತಿದ್ದಳಂತೆ ರುಕ್ಕು. ಅಮ್ಮ ಮದುವೆಯಾಗಿ ಬೊಂಬಾಯಿಗೆ ಬಂದಳು, ರುಕ್ಕುವನ್ನು ಘಟ್ಟದ ಮೇಲೆ ಎಲ್ಲಿಗೋ ಕೊಟ್ಟರು. ತವರಿನಲ್ಲಿ ಎರಡೂ ಮನೆಯವರು ಗಡಿಯ ಬೇಲಿಗಾಗಿ ಜಗಳ ಮಾಡಿಕೊಂಡು ಮಾತು ಬಿಟ್ಟಿದ್ದರು. ಹಾಗಾಗಿ ರುಕ್ಕು ಎಲ್ಲಿದ್ದಾಳೆ, ಹೇಗಿದ್ದಾಳೆ, ಇದ್ದಾಳೋ ಇಲ್ಲವೋ, ಕೇಳುವುದಕ್ಕೂ ಜನ ಇರಲಿಲ್ಲ. ಇದನ್ನೆಲ್ಲ ಅಮ್ಮ ನಮಗೆ ಹೇಳಿದ್ದೇ ಅವತ್ತು. ಅಷ್ಟು ವರ್ಷ ಒಂದು ಹೆಸರನ್ನು ಒಳಗಿಟ್ಟುಕೊಂಡಿದ್ದಳು. ಆ ರಾತ್ರಿ ಊಟಕ್ಕೆ ಕುಳಿತಾಗ, ಮುಂದಿನ ಭಾನುವಾರದ ಬಗ್ಗೆ ಅಪ್ಪಯ್ಯನಿಗೆ ಹೇಳಿದಳು:

“ಬಪ್ಪು ಆಯ್ತವಾರ ನಂಗೂ ಕೂಕಂಡ್ ಕಾಣ್ಕ್. ಅವ್ಳೇ ಹೌದೋ ಅಲ್ದೋ ಅಂದೇಳಿ ಗೊತ್ತಾಯ್ಕ್. ಬಜೆ ಗಿಜೆ ಎಂತದೂ ಇಲ್ಲೆ ಕಾಣಿ.”

“ಆಯ್ತ್ ಮಾರಾಯ್ತಿ. ನೀನೇ ಮುಂದ್ ಕೂಕೋ. ಯಾರಿಗೂ ಒಂದ್ ಲೋಟ ನೀರೂ ಕೊಡುದ್ ಬ್ಯಾಡ.”

ಎಷ್ಟು ಚಂದದ ಮಾತು! ಆದರೆ ಆ ಮನುಷ್ಯ ಮಾಡಿದ್ದೇನು? ಸೋಮವಾರ ಬೆಳಗ್ಗೆಯಿಂದಲೇ, ಹೆಂಡತಿಯ ಗೆಳತಿ ಟೀವಿಯಲ್ಲಿ ಬರುತ್ತಾಳೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದರು. ಹೋಟೆಲಿನಲ್ಲಿ, ಚಾಳಿನ ಗ್ಯಾಲರಿಯಲ್ಲಿ, ನಲ್ಲಿಯ ಕ್ಯೂನಲ್ಲಿ. ಹೇಳಿದ್ದಷ್ಟೇ ಆಗಿದ್ದರೆ ಸರಿ. ಹೇಳಿದ ಮೇಲೆ ‘ಬನ್ನಿ’ ಎನ್ನದೆ ಇರುವುದಕ್ಕೆ ಅವರಿಂದ ಸಾಧ್ಯವೇ? ಎಲ್ಲಕ್ಕಿಂತ ದೊಡ್ಡ ಘನಕಾರ್ಯವೆಂದರೆ, ಕೇಬಲ್ ಭಾವೂನನ್ನೂ ಕರೆದರು. ಈ ಭಾವೂನ ವಿಷಯ ಹೇಳಬೇಕು. ನಮ್ಮ ಗಲ್ಲಿಗೆ ಕೇಬಲ್ ಕೊಡುತ್ತಿದ್ದವನು ಅವನೇ. ಎದುರಿನ ಬಿಲ್ಡಿಂಗಿನ ಗಚ್ಚಿಯ ಮೇಲೆ ಒಂದು ತಗಡಿನ ಖೋಲಿಯಲ್ಲಿ ಅವನ ಮಷಿನುಗಳು. ಕನ್ನಡದ ಚಾನೆಲ್ ಹಾಕಲು ಅವನ ಬಳಿ ಬೇರೆ ಜಾಗ ಇರಲಿಲ್ಲ. ಗುಜರಾತಿ ಭಜನೆಯ ಚಾನೆಲ್ ಬರುವ ನಂಬರಿನಲ್ಲೇ, ಭಾನುವಾರ ಆ ಒಂದು ತಾಸು ಮಾತ್ರ, ಅಪ್ಪಯ್ಯ ಕಳಿಸುವ ಇಡ್ಲಿ ಸಾಂಬಾರಿನ ದಾಕ್ಷಿಣ್ಯಕ್ಕೆ ಕನ್ನಡ ಹಾಕುತ್ತಿದ್ದ. ಆ ಹಳೆಯ ಮಷಿನಿನ ಮೇಲೆ ಅವನಿಗೇ ನಂಬಿಕೆ ಇರಲಿಲ್ಲ. ಬಿಸಿಯಾದರೆ ತಾನಾಗಿ ಭಜನೆಗೆ ಹೊರಳುತ್ತಿತ್ತು. ಅದಕ್ಕೇ ಆ ತಾಸು ಅವನು ಅದರ ಪಕ್ಕದಲ್ಲೇ ಕುಳಿತಿರುತ್ತಿದ್ದ. ಅಂಥವನನ್ನು ಕೂಡ ಅಪ್ಪಯ್ಯ ಟೀವಿ ನೋಡಲು ಬಾ ಎಂದು ಕರೆದರು!

ಭಾನುವಾರ ಅಮ್ಮ ಮಧ್ಯಾಹ್ನವೇ ತಲೆಸ್ನಾನ ಮಾಡಿ, ಹಬ್ಬಕ್ಕೆ ಉಡುವ ಹಸಿರು ಸೀರೆ ಉಟ್ಟಳು. ನೀಲವ್ವ ಬೇಗ ಬಂದು, ಟೀವಿಯ ನೇರಕ್ಕೆ ಚಾಪೆ ಹಾಸಿ, ಅಮ್ಮನನ್ನು ಭುಜ ಹಿಡಿದು ಕೂರಿಸಿದಳು.

“ಕುಂದರ್ರೀ ಅಕ್ಕಾರ. ಇವತ್ತ ನೀವು ಏಳಂಗಿಲ್ಲ ನೋಡ್ರಿ. ಎದ್ರ ನಾ ಬಿಡಂಗಿಲ್ಲ.”

ಅಮ್ಮ ಕುಳಿತಳು. ಆ ಟೀವಿಯ ಮುಖವನ್ನು ಅವಳು ಅದು ಚಾಲೂ ಇರುವಾಗ ನೆಟ್ಟಗೆ ನೋಡಿದ್ದು ಆಗಲೇ ಇರಬೇಕು. ಗೌಡನನ್ನು ಕಂಡು ಅವಳಿಗೆ ನಿರಾಸೆಯಾಯಿತು. “ಇಷ್ಟ್ ಸಪೂರವಾ ಗೌಡ್ರ್?” ಎಂದಳು. ಇಷ್ಟು ದಿನ ದನಿ ಕೇಳಿ ದೊಡ್ಡ ಹೊಟ್ಟೆಯವನೆಂದುಕೊಂಡಿದ್ದಳಂತೆ. ಕೋಣೆ ತುಂಬಿ, ಗ್ಯಾಲರಿ ತುಂಬಿ, ಮಕ್ಕಳು ಕಿಟಕಿಯ ಸರಳಿಗೆ ನೇತು ಬಿದ್ದಿದ್ದರು. ಮೊದಲ ತಮಾಷೆ ಮುಗಿಯಿತು. ಗೌಡ ಮಂಚದ ಕೆಳಗೆ ಹೋದ. ಇನ್ನೇನು ಪದ ಶುರುವಾಗಬೇಕು, ಬಾಗಿಲಲ್ಲಿ ಕೇಬಲ್ ಭಾವೂ! ಇಸ್ತ್ರಿಯ ಅಂಗಿ, ಹಣೆಗೆ ಗಂಧ, ಬಾಯಿ ತುಂಬ ನಗು.

“ನಮಸ್ಕಾರ್ ಅಣ್ಣಾ! ಆಪನೇ ಬುಲಾಯಾ, ಮೈ ಆ ಗಯಾ!”

ಅಪ್ಪಯ್ಯ ಎದ್ದುನಿಂತು ಬಿಟ್ಟರು. ಕೂಗಲಿಲ್ಲ, ಆರ್ಡರ್ ಮಾಡಲಿಲ್ಲ. ಅಮ್ಮನ ಕಡೆ ಒಮ್ಮೆ ನೋಡಿದರು, ಅಷ್ಟೇ. ಆ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕನ್ನಡದ ಚಾನೆಲ್ ಕೊಟ್ಟವನು ಮೊದಲ ಸಲ ಮನೆಗೆ ಬಂದಿದ್ದಾನೆ, ಬರಿ ಬಾಯಲ್ಲಿ ಕೂರಿಸುವುದೇ?

“ನಾನ್ ಚಾ ಇಡ್ತೆ ಅಮ್ಮ, ನೀ ಕೂಕೋ,” ಎಂದೆ ನಾನು. ನೀಲವ್ವ ಸೆರಗು ಹಿಡಿದೆಳೆದಳು. ಅಮ್ಮ ಕೇಳಿದಳೇ? “ಬರೀ ಚಾ ಕೊಡುದಾ? ಹಿಟ್ಟ್ ಕಲ್ಸಿಟ್ಟದ್ ಇತ್ತ್, ಎರಡ್ ನಿಮಿಷ,” ಎನ್ನುತ್ತ ಎದ್ದು ಒಳಗೆ ಹೋಗಿಯೇ ಬಿಟ್ಟಳು. ಹಿಟ್ಟು ಕಲಸಿಟ್ಟದ್ದು ಇತ್ತು! ಬಜೆ ಇಲ್ಲ ಎಂದು ವಾರವಿಡೀ ಹೇಳಿದವಳು ಬೆಳಗ್ಗೆಯೇ ಹಿಟ್ಟು ಕಲಸಿ, ತಟ್ಟೆ ಮುಚ್ಚಿ, ಮೂಲೆಯಲ್ಲಿ ಇಟ್ಟಿದ್ದಳು. ಇಬ್ಬರಲ್ಲಿ ಯಾರ ತಲೆಗೆ ಕುಟ್ಟಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಒಳಗೆ ಎಣ್ಣೆ ಕಾಯುತ್ತಿತ್ತು. ಹೊರಗೆ ಪದ ಶುರುವಾಯಿತು. ಕ್ಯಾಮೆರಾ ಮೊದಲು ಗದ್ದೆ ತೋರಿಸಿತು, ಆಮೇಲೆ ಆಕಾಶ ತೋರಿಸಿತು, ಆಮೇಲೆ ಆಡು ತೋರಿಸಿತು. ಹಾಡುವವರ ಸೀರೆಯ ಅಂಚು ಕಾಣುವಷ್ಟರಲ್ಲಿ ಅಮ್ಮ ಕಿಂಡಿಯಲ್ಲಿ ಮೊದಲ ತಟ್ಟೆ ಇಟ್ಟಳು, ನಾನು ಅದನ್ನು ಭಾವೂನ ಕೈಗೆ ಕೊಟ್ಟೆ, ಭಾವೂ ಒಂದು ಬಜೆ ಬಾಯಿಗಿಟ್ಟು “ಮಸ್ತ್ ಆಹೇ!” ಎಂದ. ಅದೇ ಗಳಿಗೆಗೆ ಟೀವಿ ಕುಯ್ ಎಂದು, ಗದ್ದೆ ಹೋಗಿ, ಹಾರ್ಮೋನಿಯಂ ಮುಂದೆ ಕುಳಿತ ಗುಜರಾತಿ ಮಹಾರಾಜರು ಬಂದರು. ಮಷಿನು ಬಿಸಿಯಾಗಿತ್ತು. ಅದನ್ನು ಕಾಯಬೇಕಾದವನು ನಮ್ಮ ಮನೆಯಲ್ಲಿ ಚಟ್ನಿ ನೆಕ್ಕುತ್ತಿದ್ದ. ಭಾವೂ “ಬಾಪ್‌ರೇ!” ಎಂದವನೇ, ಬಾಯಲ್ಲೊಂದು, ಕೈಯಲ್ಲೊಂದು ಬಜೆ ಹಿಡಿದು, ಮಕ್ಕಳನ್ನು ತುಳಿದುಕೊಂಡು ಮೆಟ್ಟಿಲಿಳಿದು ಓಡಿದ. ಅಪ್ಪಯ್ಯ ಹೋಗಿ ಟೀವಿಯ ಸದ್ದು ಕಡಿಮೆ ಮಾಡಿದರು.

ಆಗ ಕೇಳಿಸಿತು. ಪದ ನಿಂತಿರಲಿಲ್ಲ. ಅಡುಗೆಮನೆಯಲ್ಲಿ ಅಮ್ಮ ಹೇಳುತ್ತಿದ್ದಳು. ಟೀವಿಯಲ್ಲಿ ಆ ಹೆಂಗಸು ಎತ್ತಿದ ಸಾಲನ್ನು ಇವಳು ಹಿಡಿದಿದ್ದಳು. ಎಣ್ಣೆಯ ಸದ್ದಿನಲ್ಲಿ ಹೊರಗಿನದು ನಿಂತದ್ದು ಅವಳಿಗೆ ತಿಳಿಯಲೇ ಇಲ್ಲ. ಮರಾಠಿ ಅಜ್ಜಿ ಕೂಡ ಕತ್ತು ಅಡುಗೆಮನೆಯ ಕಡೆ ತಿರುಗಿಸಿ ಕುಳಿತಿದ್ದರು. ಎರಡು ಸಾಲು ಹೇಳಿ, ಮೂರನೆಯದನ್ನು ಯಾರೂ ಎತ್ತದೇ ಹೋದಾಗ ಅಮ್ಮ ಕಿಂಡಿಯಲ್ಲಿ ಮುಖ ಇಟ್ಟಳು.

“ಪದ ಎಲ್ಲ್ ಹೋಯ್ತ್?”

ನಾನು ಟೀವಿಯ ಕಡೆ ಬೆರಳು ತೋರಿಸಿದೆ. “ಯಾರ್ ಹೇಳದ್ದ್ ಅಂದೇಳಿ ಯಾರಾರೂ ಕಂಡ್ರ್ಯಾ? ಮುಖ ಕಂಡಿತಾ?” ಎಂದು ಒಬ್ಬೊಬ್ಬರ ಮುಖವನ್ನೇ ನೋಡಿ ಕೇಳಿದಳು. ಯಾರೂ ಕಂಡಿರಲಿಲ್ಲ. ಭಾವೂ ಮಷಿನು ತಣ್ಣಗೆ ಮಾಡಿ ಮತ್ತೆ ಕನ್ನಡ ತರುವ ಹೊತ್ತಿಗೆ ತಾಸು ಮುಗಿದು, ಶ್ಯಾನುಭೋಗ ಕೈಮುಗಿದು ಎದ್ದು ಹೋಗುತ್ತಿದ್ದ. ಅಪ್ಪಯ್ಯ ಏನೋ ತಮಾಷೆ ಮಾಡಲು ಹೊರಟು, ಅಮ್ಮನ ಮುಖ ನೋಡಿ ಬಾಯಿ ಮುಚ್ಚಿದರು. ಅಮ್ಮ ಉಳಿದ ಹಿಟ್ಟನ್ನೆಲ್ಲ ಕರಿದು, ಎಲ್ಲರಿಗೂ ಕೊಟ್ಟು ಕಳಿಸಿ, ಆಮೇಲೆ ಪಾತ್ರೆ ತೊಳೆಯುವ ಮೋರಿಯ ಹತ್ತಿರ ಕುಳಿತು ಬಾಣಲೆ ತಿಕ್ಕುತ್ತ ಅತ್ತಳು. ನಾನು ಅಮ್ಮ ಅತ್ತದ್ದನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ಬಹಳ ದಿನ ಅವಳು ಅಪ್ಪಯ್ಯನ ಜೊತೆ ಮಾತು ಬಿಟ್ಟಳು. ಅಪ್ಪಯ್ಯ ಹೋಟೆಲಿಗೆ ಬರುವ ಊರಿನವರನ್ನೆಲ್ಲ ಹಿಡಿದು ರುಕ್ಕುವಿನ ಸುದ್ದಿ ಕೇಳಿದರು. ಸಿಗಲಿಲ್ಲ. ಕೆಲವು ತಿಂಗಳಿಗೆ ‘ಚಾವಡಿ ಚಪ್ಪಾಳೆ’ಯೂ ನಿಂತುಹೋಯಿತು.

ಈಗ ನಾವು ಬೊಂಬಾಯಿಯ ಆ ತುದಿಯ ಕಾಂದಿವಲಿಯಲ್ಲಿದ್ದೇವೆ. ಅಪ್ಪಯ್ಯ ಹೋಗಿ ವರ್ಷಗಳಾದವು. ಎಪ್ಪತ್ತು ದಾಟಿದ ಅಮ್ಮ ಸುಧಾಕರನ ಮನೆಯಲ್ಲಿ, ನಾನು ಅದೇ ಬಿಲ್ಡಿಂಗಿನ ಕೆಳಗಿನ ಮಹಡಿಯಲ್ಲಿ. ಹೋದ ತಿಂಗಳು ಸುಧಾಕರ ಏದುಸಿರು ಬಿಡುತ್ತ ಫೋನ್ ಮಾಡಿದ. ಯಾರೋ ಪುಣ್ಯಾತ್ಮರು ಹಳೆಯ ಕಾರ್ಯಕ್ರಮಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿದ್ದಾರಂತೆ, ಅದರಲ್ಲಿ ಆ ವಾರದ್ದೂ ಇದೆಯಂತೆ. ಅವನ ಚಟವನ್ನು ನಾನು ಬೈಯದೆ ಇದ್ದದ್ದು ಅವತ್ತೊಂದೇ ದಿನ. ಓಡಿ ಮೇಲೆ ಹೋದೆ. ಗೋಡೆಯಷ್ಟು ದೊಡ್ಡ ಟೀವಿಯ ಮುಂದೆ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದೆವು. ಸುಧಾಕರ, ಅವನ ಮಗಳು ರಿಯಾ, ನಾನು ಪಕ್ಕದ ಸೋಫಾದಲ್ಲಿ. ಗೌಡ ಬಂದ, ಆಡು ಬಂತು. ಅದೇ ಗದ್ದೆ, ಅದೇ ಆಕಾಶ. ಕೊನೆಗೂ ಹಾಡುವ ಹೆಂಗಸರು ಬಂದರು. ನಡುವೆ ನಿಂತು ಸಾಲು ಎತ್ತಿದವಳು ದಪ್ಪ ಕನ್ನಡಕದ, ತುಂಬಿದ ಕೆನ್ನೆಯ ಹೆಂಗಸು.

ಅಮ್ಮ ಮುಂದಕ್ಕೆ ಬಾಗಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಇವ್ಳಲ್ಲ. ಇದ್ ಯಾರೋ ದೊಡ್ಡ ಹೆಂಗ್ಸ್. ರುಕ್ಕುಗೆ ಎರಡ್ ಜಡಿ ಇತ್ತಿತ್.”

“ಅಮ್ಮ, ಅಷ್ಟ್ ವರ್ಷ ಆದ್ಮೇಲೂ ಎರಡ್ ಜಡಿ ಹಾಕಂಡ್ ಇರ್ತಾಳಾ?” ಎಂದು ನಾನು ರೇಗಿದೆ. ಅಳು ಬರುವ ಹಾಗಾಗಿತ್ತು ನನಗೆ. ಇಷ್ಟು ವರ್ಷ ಕಾದು ಇದೇ ಮಾತೇ!

“ದಾದಿ, ಯೇ ತುಮ್ಹಾರಿ ಫ್ರೆಂಡ್ ನಹೀ ಹೈ?” ಎಂದಳು ರಿಯಾ.

ಅಮ್ಮ ಕುರ್ಚಿಯ ಕೈ ತಟ್ಟಿ, ಸುಧಾಕರನಿಗೆ ಹೇಳಿದಳು:

“ಈ ಕುರ್ಚಿ ಒಂಚೂರ್ ಆಚಿಗೆ ತಿರ್ಗ್ಸ್ ಕಾಂಬ. ನಂಗೆ ಹೀಂಗೆ ಕೇಂಡ್ ಅಭ್ಯಾಸ ಇಲ್ಲೆ.”

ಟೀವಿಗೆ ಬೆನ್ನು ಮಾಡಿ ಕೂರಿಸಿದೆವು. ಈಗ ಅವಳ ಎದುರಿಗೆ ನಮ್ಮ ಮೂರು ಮುಖ. ಸುಧಾಕರ ಹಾಡನ್ನು ಮೊದಲಿನಿಂದ ಹಾಕಿದ. ಅಮ್ಮ ನಮ್ಮನ್ನೇ ನೋಡುತ್ತ, ಕಿವಿಯನ್ನು ಹಿಂದಕ್ಕೆ ಕೊಟ್ಟು ಕುಳಿತಳು. ಮೊದಲ ಸಾಲು ಮುಗಿಯಿತು. ಎರಡನೆಯ ಸಾಲಿನ ನಡುವೆ ಆ ದಪ್ಪ ಕನ್ನಡಕದ ಹೆಂಗಸು ಸಟಕ್ಕನೆ ಉಸಿರು ತೆಗೆದುಕೊಂಡಳು, ಹಿಂದಿನವರೆಲ್ಲ ತಾಳ ತಪ್ಪಿದರು. ಅಮ್ಮನ ಮುಖ ಅರಳಿತು.

“ಕೇಂಡ್ರ್ಯಾ? ಅಲ್ಲೇ ಉಸ್ರ್ ತಕಂಡ್ಳ್! ಎಷ್ಟ್ ಹೇಳಿರೂ ಕೇಂತಿರ್ಲಿಲ್ಲೆ ಮಾರಾಯ್ತಿ. ಅವ್ಳೇ. ನಮ್ಮ್ ರುಕ್ಕುವೇ!”

ಮೂರನೆಯ ಸಾಲಿಗೆ ಅಮ್ಮ ಸೇರಿಕೊಂಡಳು. ಹಿಂದಿನಿಂದ ರುಕ್ಕು ಎತ್ತುತ್ತಿದ್ದಳು, ಮುಂದಿನಿಂದ ಅಮ್ಮ ಹಿಡಿಯುತ್ತಿದ್ದಳು. ದನಿ ನಡುಗುತ್ತಿತ್ತು, ಆದರೆ ಒಂದು ಮಾತೂ ಮರೆತಿರಲಿಲ್ಲ. ಸುಧಾಕರ ಎಂದಿನಂತೆ ಕಣ್ಣೊರೆಸಿಕೊಂಡ. ನಾನೂ ಒರೆಸಿಕೊಂಡೆ, ಅವನಿಗೆ ಕಾಣದ ಹಾಗೆ.

ಆಗ ಡೋರ್‌ಬೆಲ್ ಆಯಿತು. ಅಮ್ಮನ ಎರಡೂ ಕೈ ಕುರ್ಚಿಯ ಕೈಗಳ ಮೇಲೆ ಊರಿದವು, ಏಳುವುದಕ್ಕೆ. ಕಾಲಿಗೆ ಶಕ್ತಿ ಇಲ್ಲ, ಆದರೂ ಬೆಲ್ ಆದರೆ ಏಳಬೇಕು. ನನ್ನ ಬಾಯಿಗೆ ಬೈಗುಳ ಬಂದೇ ಬಿಟ್ಟಿತ್ತು. ಅಷ್ಟರಲ್ಲಿ ಅಮ್ಮ ನನ್ನ ಮುಖ ನೋಡಿದಳು, ಬೆನ್ನ ಹಿಂದೆ ರುಕ್ಕು ಎತ್ತುತ್ತಿದ್ದ ಸಾಲನ್ನು ಕೇಳಿಸಿಕೊಂಡಳು, ಕೈ ಸಡಿಲಿಸಿ ಮತ್ತೆ ಒರಗಿ ಕುಳಿತಳು.

“ನೆಂಟ್ರಾರೆ ನಾನಿಲ್ಲೆ ಅಂದೇಳಿ ಹೇಳ್,” ಎಂದಳು. ಹೇಳಿದವಳೇ ಮುಂದಿನ ಸಾಲನ್ನು ಹಿಡಿದಳು.

ಬೆಲ್ ಇನ್ನೂ ಎರಡು ಸಲ ಆಯಿತು. ಪದ ಮುಗಿಯುವವರೆಗೆ ನಮ್ಮಲ್ಲಿ ಯಾರೂ ಏಳಲಿಲ್ಲ.